ಎಳ್ಳಮಾವಾಸ್ಯೆಯೂ ನಮ್ಮ ಮಕ್ಕಳೂ

ನಮ್ಮ ಜಿಲ್ಲೆಯ ಸುಶಿಕ್ಷಿತ ಗೃಹಸ್ಥರಲ್ಲಿ ಈಚೆಗೆ ಒಂದು ವ್ಯಸನವು ಬೆಳೆದಿರುವದು. ನಾಲ್ವರು ಕೂಡಿದಲ್ಲಿ ತಮ್ಮ ಬಾಲ್ಯದ ಸ್ತೋತ್ರವನ್ನು ಆರಂಭಿಸುವರು. ಮಾಂಜರಾ ನದಿಯಲ್ಲಿ ಈಸಿದ್ದು, ಪರರ ಹೊಲದ ಕಡಲೆಗಿಡ ಕಿತ್ತು ಸುಲಗಾಯಿ ತಿಂದದ್ದು, ಚಿಣ್ಣಿದಾಂಡಿನಲ್ಲಿ ಹೊತ್ತು ಮುಳುಗಿದ್ದು, ಇವನ್ನೆಲ್ಲ ಬಣ್ಣಿಸಿ ಕಣ್ಣೊರೆಸಿಕೊಳ್ಳುವರು. ಬಳಿಕ ಗಡಿಯಾರವನ್ನು ನೋಡಿ, ಮಗನನ್ನು ಟ್ಯೂಶನ್ನಿಗೆ ಮುಟ್ಟಿಸಬೇಕೆಂದು ಅವಸರದಿಂದ ಏಳುವರು. ಈ ಶೋಕಕ್ಕೆ ನಾನು ಮರುಗಲಾರೆನು. ಕದವನ್ನು ತಾನೇ ಮುಚ್ಚಿಕೊಂಡು ಒಳಗೆ ಗಾಳಿಯಿಲ್ಲವೆಂದು ಅಳುವವನಿಗೆ ಯಾರು ಸಮಾಧಾನ ಹೇಳಬೇಕು?

ಕಳೆದ ಎಳ್ಳಮಾವಾಸ್ಯೆಯ ಸಂಗತಿಯನ್ನು ಹೇಳುವೆನು. ಬೀದರ ಸೀಮೆಯಲ್ಲಿ ಆ ಹಬ್ಬವೆಂದರೆ ಏನೆಂಬದನ್ನು ಈ ಪತ್ರಿಕೆಯ ವಾಚಕರಿಗೆ ತಿಳಿಸಬೇಕಾಗಿಲ್ಲ. ಊರಿಗೆ ಊರೇ ಹೊಲಕ್ಕೆ ನಡೆಯುವದು. ಜೋಳದ ಕಣಿಕೆಯ ಕೊಂಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿಗಳನ್ನು ಬಂದವರೆಲ್ಲರಿಗೂ ಬಡಿಸುವದು. ಅಂದು ಔರಾದದ ಸಮೀಪದ ನಮ್ಮ ಹೊಲಕ್ಕೆ ಬೀದರಿನಿಂದ ಮಗಳು ಬಂದಳು, ಅಳಿಯಂದಿರು ಬಂದರು. ಹನ್ನೆರಡು ವರುಷದ ಮೊಮ್ಮಗನು ಮಾತ್ರ ಬರಲಿಲ್ಲ. ಅವನು ಹೋಗುವ ಟ್ಯೂಶನ್ನಿನಲ್ಲಿ ಅಂದೇ ಪರೀಕ್ಷೆಯನ್ನು ಇಟ್ಟಿದ್ದರಂತೆ. ಹುಡುಗನನ್ನು ನೆರೆಮನೆಯಲ್ಲಿ ಬಿಟ್ಟು ಬಂದಿದ್ದರು. ಸಂಜೆಗೆ ಅವನ ಪಾಲಿನ ರೊಟ್ಟಿಯನ್ನು ಬುತ್ತಿ ಕಟ್ಟಿ ಕಳುಹಿದೆವು. ಹೊಲವನ್ನು ಕಟ್ಟಿ ಕಳುಹುವ ಉಪಾಯವು ಯಾರಿಗೂ ತಿಳಿಯದು.

ನನ್ನ ಕೋಪವು ಬಹಳ ಹೊತ್ತು ನಿಲ್ಲಲಿಲ್ಲ. ನನ್ನದೇ ಅಪರಾಧವು ನೆನಪಿಗೆ ಬಂದಿತು. ಭಾಲ್ಕಿಯ ಕಡೆಯ ಒಂದು ಊರಿನಲ್ಲಿ ಉಪಾಧ್ಯಾಯನಾಗಿದ್ದಾಗ, ಹಬ್ಬದ ಮರುದಿನವೂ ಹೊಲದಲ್ಲಿಯೇ ಉಳಿದ ಹುಡುಗರನ್ನು ಸಾಲಾಗಿ ನಿಲ್ಲಿಸಿ ಬೆತ್ತದಿಂದ ಹೊಡೆದಿರುವೆನು. ಅವರಲ್ಲೊಬ್ಬನು ನನಗೆ ತೋರಿಸಲೆಂದು ಗೀಜಗನ ಹಳೆಯ ಗೂಡೊಂದನ್ನು ತಂದಿದ್ದನು. ಅದನ್ನು ಕಿಟಕಿಯಿಂದ ಹೊರಗೆಸೆದು, ಶಬ್ದರೂಪವನ್ನು ಒಪ್ಪಿಸೆಂದೆನು. ಆದ ಕಾರಣ ಮಕ್ಕಳನ್ನು ಬಯಲಿನಿಂದ ಬಿಡಿಸಿದ ದೋಷವನ್ನು ಇಂದಿನ ಟ್ಯೂಶನ್ನಿನವರ ತಲೆಗೇ ಕಟ್ಟುವದು ಅನ್ಯಾಯವು. ಆ ಕಾರ್ಯಕ್ಕೆ ನಾಂದಿ ಹಾಡಿದವರು ನಮ್ಮಂಥ ಮಾಸ್ತರರೇ.

ಪ್ರತಿಪಕ್ಷದವರು ಎರಡು ಆಕ್ಷೇಪಗಳನ್ನು ತರುವರು. ಮೊದಲನೆಯದು, ಇದು ಸ್ಪರ್ಧೆಯ ಕಾಲವು. ಬಯಲಲ್ಲಿ ಅಲೆದವನು ಹಿಂದೆ ಬೀಳುವನು ಎಂಬದು. ಆದರೆ ಓದುವ ಕಣ್ಣುಗಳೇ ಕೆಟ್ಟರೆ ಮುಂದೆ ಬೀಳುವದೆಲ್ಲಿ? ಚೀನದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಮೂರು ವರುಷ ಪರೀಕ್ಷಿಸಿದ ಫಲವು 2015ರಲ್ಲಿ ಪ್ರಕಟವಾಯಿತು. ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಕಳೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ, ಉಳಿದವರಲ್ಲಿ ಸುಮಾರು 40 ಮಂದಿಗೆ ಸಮೀಪದೃಷ್ಟಿಯ ದೋಷವು ಹೊಸದಾಗಿ ಬಂದಿತು. ನಮ್ಮ ದೇಶದಲ್ಲಿಯೂ ಯಶಪಾಲ ಸಮಿತಿಯು 1993ರಲ್ಲಿಯೇ, ಚೀಲದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರವು ಕೆಟ್ಟದ್ದೆಂದು ತಿಳಿಸಿತು.

ಅರ್ಥವಾಗುವ ಪಾಠವು ನಮ್ಮ ಕಾಲ ಕೆಳಗೇ ಇರುವದು. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಬೀದರಿನ ನೆಲವು ಜಂಬಿಟ್ಟಿಗೆಯದು. ಅದರ ಕೆಳಗೆ ಕಪ್ಪುಶಿಲೆಯು. ಮೇಲಿನದು ಮಳೆಯನ್ನು ಹೀರುವದು, ಕೆಳಗಿನದು ತಡೆಯುವದು. ತಡೆದ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬೀಳುವದು. ನರಸಿಂಹ ಝರಣಿಯೂ ನಾನಕ ಝೀರಾದ ನೀರೂ ಇದರ ಸಾಕ್ಷಿಗಳು. ಬಹಮನಿಯರು 15ನೆಯ ಶತಮಾನದಲ್ಲಿ ಈ ಮರ್ಮವನ್ನರಿತು ನೌಬಾದಿನಲ್ಲಿ ಸುರಂಗ ಬಾವಿಯನ್ನು ತೋಡಿಸಿದರು. ಅದರ ಬಾಯಿಯಲ್ಲಿ ಅರ್ಧ ತಾಸು ನಿಂತ ಹುಡುಗನು ಭೂಗೋಳ, ಗಣಿತ, ಇತಿಹಾಸ ಮೂರನ್ನೂ ಒಮ್ಮೆಗೇ ಕಲಿಯುವನು. ಕೃಷ್ಣಮೃಗವು ಸಹಜವಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿಯು ಹೇಳಿರುವದು. ಆ ಶ್ಲೋಕವನ್ನು ನಾನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದೆನು. ಆ ಮೃಗವನ್ನು ಔರಾದದ ಹೊಲಗಳಲ್ಲಿ ಎಷ್ಟೋ ಸಲ ಕಂಡಿದ್ದೆನು. ಇವೆರಡೂ ಒಂದೇ ಎಂದು ನನಗೆ ಯಾರೂ ಹೇಳಲಿಲ್ಲ. ನಾನೂ ನನ್ನ ಶಿಷ್ಯರಿಗೆ ಹೇಳಲಿಲ್ಲ.

ಎರಡನೆಯ ಆಕ್ಷೇಪವು ಬಲವಾದದ್ದು. ಆ ಬಾಲ್ಯವು ಎಲ್ಲರಿಗೂ ಸುಖದ್ದಾಗಿತ್ತೇ ಎಂದು ಕೇಳುವರು. ಇರಲಿಲ್ಲವೆಂದು ಒಪ್ಪುವೆನು. 1972ರ ಬರದಲ್ಲಿ ಬಾವಿಗಳು ಬತ್ತಿದಾಗ ಯಾರಿಗೆ ಆಟವು ಬೇಕಾಗಿತ್ತು? ನಾವು ಆಡುತ್ತಿದ್ದಾಗ ಕೂಲಿಯವರ ಮಕ್ಕಳು ದನ ಕಾಯುತ್ತಿದ್ದರು. ನಮ್ಮ ಅಕ್ಕತಂಗಿಯರು ಹೊಸ್ತಿಲು ದಾಟಿದರೆ ಬೈಗುಳ ತಿನ್ನುತ್ತಿದ್ದರು. ಆದರೆ ಇದರಿಂದ ಸಿದ್ಧವಾಗುವದೇನು? ಕೆಲವರಿಗೇ ಸಿಕ್ಕಿದ್ದನ್ನು ಎಲ್ಲರಿಗೂ ಹಂಚಬೇಕೆಂದೇ ಹೊರತು, ಯಾರಿಗೂ ಬೇಡವೆಂದಲ್ಲ. ಶಿಕ್ಷಣದ ಹಕ್ಕಿನ 2009ರ ಕಾಯಿದೆಯು ಪ್ರತಿ ಶಾಲೆಗೂ ಆಟದ ಬಯಲು ಇರಬೇಕೆಂದು ವಿಧಿಸಿರುವದು. ಆ ಬಯಲು ನಿಮ್ಮ ಮಕ್ಕಳ ಶಾಲೆಯಲ್ಲಿದೆಯೇ ಎಂದು ನೀವು ಎಂದಾದರೂ ಹೋಗಿ ನೋಡಿದ್ದೀರಾ? ಅಂಕಗಳ ಪಟ್ಟಿಯನ್ನಂತೂ ತಪ್ಪದೆ ನೋಡುವಿರಿ.

ನಾನು ಅಸಾಧ್ಯವಾದದ್ದನ್ನು ಕೇಳುತ್ತಿಲ್ಲ. ರವೀಂದ್ರರು 1901ರಲ್ಲಿ ಶಾಂತಿನಿಕೇತನದಲ್ಲಿ ಮಾಡಿದಂತೆ ಮರದ ನೆರಳಲ್ಲಿ ಶಾಲೆ ತೆರೆಯಿರಿ, ಕಾರಂತರು ಪುತ್ತೂರಿನಲ್ಲಿ ಕಟ್ಟಿದಂತೆ ಬಾಲವನವನ್ನು ಕಟ್ಟಿರಿ ಎಂದು ಹೇಳುವಷ್ಟು ಧೈರ್ಯವು ನನಗಿಲ್ಲ. ದಿನಕ್ಕೊಂದು ತಾಸು ಮಕ್ಕಳನ್ನು, ಹುಡುಗ ಹುಡುಗಿಯರೆಂಬ ಭೇದವಿಲ್ಲದೆ, ಬಯಲಿಗೆ ಬಿಡಿರಿ. ಎಳ್ಳಮಾವಾಸ್ಯೆಯ ದಿನ ಯಾವ ಟ್ಯೂಶನ್ನಿಗೂ ಕಳುಹಬೇಡಿರಿ. ಹೊಲವಿಲ್ಲದವರು ಹೊಲವಿದ್ದವರ ಕೊಂಪೆಗೆ ಹೋಗಿರಿ. ಅಂದು ಕರೆಯದೆ ಬಂದವರಿಗೂ ರೊಟ್ಟಿಯಿರುವದು ನಮ್ಮ ಸೀಮೆಯ ರೂಢಿಯು.

ನನ್ನ ಮೊಮ್ಮಗನ ತಂದೆತಾಯಿಗಳೂ ಈ ಪತ್ರಿಕೆಯನ್ನು ಓದುವರು. ಬರುವ ಅಮಾವಾಸ್ಯೆಗೆ ಅವನನ್ನು ಕರೆದುಕೊಂಡು ಬರುವದಾದರೆ ಬರಲಿ. ಇಲ್ಲವಾದರೆ ನಾನೇ ಹಿಂದಿನ ದಿನ ಬೀದರಿಗೆ ಹೋಗಿ ಅವನನ್ನು ಕರೆತರುವೆನು. ಗೀಜಗನ ಗೂಡನ್ನು ಎಸೆದ ಕೈಗೆ ಅಷ್ಟು ಪ್ರಾಯಶ್ಚಿತ್ತವಾದರೂ ಬೇಕು.