ಉರಿ ನಿಂತರೂ ಆರದ ಕಾವು

2012ರ ನವೆಂಬರಿನಲ್ಲಿ ಕೋಲಾರ ಚಿನ್ನದ ಗಣಿಯ ಜನ ಬೀದಿಗಿಳಿದರು. ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆದಿದ್ದಾಗ, ಅಲ್ಲಿ ಉರಿದು ಮುಗಿದ ಇಂಧನವನ್ನು ಹೂಳುವ ಜಾಗವೆಂದು ನಮ್ಮ ಮುಚ್ಚಿದ ಗಣಿಗಳ ಹೆಸರು ಕೇಳಿಬಂದಿತ್ತು. ಪ್ರತಿಭಟನೆ ಎದ್ದ ಮೇಲೆ ಅಂಥ ಯೋಜನೆಯೇನೂ ಇಲ್ಲವೆಂದು ಸರಕಾರ ಹೇಳಿತು. ಮಾತು ಅಲ್ಲಿಗೆ ತಣ್ಣಗಾಯಿತು. ಆದರೆ ಅಂದು ಹೆದರಿದವರಿಗೂ, ಹೆದರಿದವರನ್ನು ಕಂಡು ನಕ್ಕವರಿಗೂ ಆ ಕುಲುಮೆಯ ಒಳಗುಟ್ಟು ತಿಳಿದಿದ್ದುದು ಕಡಿಮೆ. ತಿಳಿಯದವರ ಪರವಾಗಿ ತಿಳಿದವರು ತೀರ್ಮಾನ ಮಾಡಿಬಿಡುತ್ತಾರೆ. ಆದುದರಿಂದ ಈ ವಾರ ಅದನ್ನೇ ಬರೆಯುತ್ತೇವೆ.

ಶಿವಾರಪಟ್ಟಣದ ಶಿಲ್ಪಿ ಉಳಿಯಿಟ್ಟು ಹೊಡೆದರೆ ಕಲ್ಲು ಎರಡಾಗುತ್ತದೆ. ಚೂರು ಹಾರಿ ನೆಲಕ್ಕೆ ಬೀಳುತ್ತದೆ. ಆ ಚೂರು ಪಕ್ಕದ ಕಲ್ಲಿಗೆ ತಗುಲಿ ಅದನ್ನೂ ಸೀಳಿ, ಅದರ ಚೂರು ಮತ್ತೊಂದನ್ನು ಸೀಳುತ್ತ ಹೋದರೆ? ಯುರೇನಿಯಂ ಪರಮಾಣುವಿನಲ್ಲಿ ನಡೆಯುವುದು ಇದೇ. ನ್ಯೂಟ್ರಾನ್ ಎಂಬ ಕಣ ತಗುಲಿದೊಡನೆ ಅದರ ನಡುವಿನ ಬೀಜ ಎರಡು ಹೋಳಾಗಿ, ಎರಡೋ ಮೂರೋ ಹೊಸ ನ್ಯೂಟ್ರಾನುಗಳು ಚಿಮ್ಮುತ್ತವೆ. ಹೋಳುಗಳನ್ನೂ ಚಿಮ್ಮಿದ ಕಣಗಳನ್ನೂ ಒಟ್ಟು ತೂಗಿದರೆ ಮೊದಲಿನ ತೂಕಕ್ಕಿಂತ ತುಸು ಕಡಿಮೆ. ಆ ಕಡಿಮೆಯಾದದ್ದೇ ಶಾಖ. ಒಂದು ಕಿಲೋ ಯುರೇನಿಯಂ-235 ಪೂರ್ತಿ ಸೀಳಿದರೆ ಸುಮಾರು ಮೂರು ಸಾವಿರ ಟನ್ ಕಲ್ಲಿದ್ದಲು ಸುಟ್ಟಷ್ಟು ಕಾವು. 1938ರ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಇದನ್ನು ಕಂಡರು. ಹಿಟ್ಲರನ ಕಾಟಕ್ಕೆ ದೇಶ ಬಿಟ್ಟಿದ್ದ ಲೀಸ ಮೈಟ್ನರ್ ತಮ್ಮ ಅಕ್ಕನ ಮಗ ಫ್ರಿಶ್‌ನೊಡನೆ ಕೂಡಿ ಅದರ ಅರ್ಥ ಬಿಡಿಸಿದರು. ನೊಬೆಲ್ ಬಹುಮಾನ ಮಾತ್ರ ಹಾನ್ ಒಬ್ಬರಿಗೇ ಸಂದಿತು.

ನಮ್ಮ ರಾಜ್ಯದಲ್ಲಿ ಈ ಕುಲುಮೆ ಇರುವುದು ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ಬಳಿ. 2000 ಮತ್ತು 2011ರ ನಡುವೆ 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿ ಕೆಲಸಕ್ಕೆ ನಿಂತವು. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಸೀಳುವ ಜಾತಿಯ ಪರಮಾಣು ಸಾವಿರಕ್ಕೆ ಏಳು ಮಾತ್ರ. ಅವನ್ನು ಸೀಳಲು ನ್ಯೂಟ್ರಾನು ನಿಧಾನವಾಗಿ ಬರಬೇಕು. ಗೋಲಿ ಗೋಡೆಗೆ ಬಡಿದರೆ ಅದೇ ರಭಸದಲ್ಲಿ ಹಿಂತಿರುಗುತ್ತದೆ, ತನ್ನಷ್ಟೇ ತೂಕದ ಗೋಲಿಗೆ ಬಡಿದರೆ ನಿಂತುಬಿಡುತ್ತದೆ. ನೀರಿನೊಳಗಿನ ಜಲಜನಕ ನ್ಯೂಟ್ರಾನಿನಷ್ಟೇ ತೂಕದ್ದು. ಅದಕ್ಕೇ ಈ ಕೆಲಸಕ್ಕೆ ನೀರು. ಆದರೆ ಸಾಮಾನ್ಯ ನೀರು ನ್ಯೂಟ್ರಾನುಗಳನ್ನು ನುಂಗಿಯೂ ಬಿಡುತ್ತದೆ. ಭಾರಜಲ ನುಂಗುವುದು ಅತಿ ಕಡಿಮೆ. ಅದರಿಂದ ಕೈಗಾದಲ್ಲಿ ಭಾರಜಲ, ಸಂಸ್ಕರಿಸಿದ ಇಂಧನವಿರುವ ಕೂಡಂಕುಳಂನಲ್ಲಿ ಸಾಮಾನ್ಯ ನೀರು.

ಕೈಗಾದ ಒಂದೊಂದು ಕುಲುಮೆಯಲ್ಲಿ ಅಡ್ಡಲಾಗಿ ಮಲಗಿಸಿದ 306 ಕೊಳವೆಗಳು, ಪ್ರತಿ ಕೊಳವೆಯಲ್ಲೂ ಹನ್ನೆರಡು ಇಂಧನದ ಕಟ್ಟುಗಳು. ಅವುಗಳ ಮೇಲೆ ಪಂಪು ಹಾಯಿಸುವ ಭಾರಜಲ ಸುಮಾರು 290 ಡಿಗ್ರಿಗೆ ಕಾದರೂ ಒತ್ತಡದ ಬಲದಿಂದ ಕುದಿಯದು. ಆ ಕಾವು ಕೊಳವೆಗಳ ಗೋಡೆ ದಾಟಿ ಬೇರೆ ನೀರನ್ನು ಹಬೆ ಮಾಡುತ್ತದೆ, ಹಬೆ ಟರ್ಬೈನು ತಿರುಗಿಸುತ್ತದೆ. ಮಿಲ್ಲಿನ ಬಾಯ್ಲರಿನ ಮುಂದೆ ನಿಂತವರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಹುಟ್ಟಿದ ಶಾಖದಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆ ವಿದ್ಯುತ್ತಾಗುತ್ತದೆ. ಮಿಕ್ಕದ್ದು ಬಹುಪಾಲು ಕದ್ರಾ ಜಲಾಶಯದ ನೀರಿಗೆ ಹೋಗುತ್ತದೆ.

ಒಂದು ಸೀಳು ಮತ್ತೊಂದೇ ಸೀಳಿಗೆ ಕಾರಣವಾಗುವಂತೆ ಹದ ಹಿಡಿಯುವುದೇ ಇಲ್ಲಿನ ಜಾಣ್ಮೆ. ಹೆಚ್ಚಾದ ನ್ಯೂಟ್ರಾನುಗಳನ್ನು ನುಂಗುವ ಸರಳುಗಳಿವೆ. ನ್ಯೂಟ್ರಾನುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಪಾಲು ತಡವಾಗಿ ಹೊರಬರುತ್ತದೆ. ಆ ಕೆಲವು ಕ್ಷಣಗಳ ಬಿಡುವಿರದಿದ್ದರೆ ಈ ಕುಲುಮೆಯನ್ನು ಯಾರಿಂದಲೂ ಪಳಗಿಸಲಾಗುತ್ತಿರಲಿಲ್ಲ.

ಸರಳುಗಳನ್ನು ಇಳಿಸಿದರೆ ಸೀಳುವುದು ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಕಾವು ನಿಲ್ಲುವುದಿಲ್ಲ. ಬಾಯ್ಲರಿನಲ್ಲಾದರೆ ಬೆಂಕಿ ಎಳೆದುಹಾಕಿದ ಮೇಲೆ ಭಯವಿಲ್ಲ. ಇಲ್ಲಿ ಒಡೆದ ಹೋಳುಗಳೇ ತಮ್ಮಷ್ಟಕ್ಕೆ ಶಾಖ ಉಗುಳುತ್ತಿರುತ್ತವೆ: ನಿಲ್ಲಿಸಿದ ಕ್ಷಣದಲ್ಲಿ ನೂರಕ್ಕೆ ಆರೇಳು ಪಾಲು, ಒಂದು ದಿನ ಕಳೆದರೂ ಸುಮಾರು ಅರ್ಧ ಪಾಲು. ಕೈಗಾದಂಥ ಘಟಕದಲ್ಲಿ ಇದು ಮೊದಲಿಗೆ 50 ಮೆಗಾವಾಟಿನಷ್ಟು ಶಾಖ. ನೀರು ಹರಿಯುತ್ತಲೇ ಇರಬೇಕು. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ, ಇದೇ ಬಗೆಯ 220 ಮೆಗಾವಾಟಿನ ಘಟಕದಲ್ಲಿ, ಟರ್ಬೈನಿನ ಅಲಗು ಮುರಿದು ಬೆಂಕಿಯೆದ್ದು ಇಡೀ ಘಟಕಕ್ಕೆ ವಿದ್ಯುತ್ತು ಹೋಯಿತು. ಕತ್ತಲೆಯಲ್ಲಿ ಕೆಲಸಗಾರರು ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದಲೇ ಹಬೆಯ ಬಾಯ್ಲರುಗಳಿಗೆ ನೀರೂಡಿಸಿ ಕುಲುಮೆಯನ್ನು ಕಾಪಾಡಿದರು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾದೊಡನೆ ಉರಿ ನಿಂತಿತ್ತು. ಕಡಲ ಅಲೆ ಜನರೇಟರುಗಳನ್ನು ಮುಳುಗಿಸಿ ನೀರು ಹಾಯುವುದು ನಿಂತಾಗ ಮೂರು ಕುಲುಮೆಗಳ ಇಂಧನ ಕರಗಿತು.

ಅಣುಶಕ್ತಿಯೇ ಬೇಡವೆಂಬ ಹಟ ನಮ್ಮದಲ್ಲ. ಕೈಗಾದ ಮೊದಲನೆಯ ಘಟಕ 2018ರ ಡಿಸೆಂಬರಿನವರೆಗೆ 962 ದಿನ ಎಡೆಬಿಡದೆ ಓಡಿ ಆಗ ಜಗತ್ತಿನ ದಾಖಲೆ ಬರೆಯಿತು. ಅದು ಪಾಳಿಗಳಲ್ಲಿ ದುಡಿದ ಕೈಗಳ ಕೀರ್ತಿ. ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕೆಲಸಗಾರರ ಕುಡಿಯುವ ನೀರಿನ ಕೂಲರಿಗೆ ಟ್ರೀಷಿಯಂ ಸೇರಿದ ಭಾರಜಲ ಬೆರೆತು, ಐವತ್ತಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಅದು ಕಂಡುಬಂತು. ಯಾರೋ ಬೇಕೆಂದೇ ಬೆರೆಸಿದರೆಂದು ಅಧಿಕಾರಿಗಳೇ ಹೇಳಿದರು. ಕುಲುಮೆಗೆ ಗೋಡೆಯ ಮೇಲೆ ಗೋಡೆ. ಕೂಲಿಕಾರನ ನೀರಿನ ಪಾತ್ರೆಗೆ ಕಾವಲಿಲ್ಲ!

ಉಳಿದದ್ದು ಬೂದಿಯ ಮಾತು. ಉರಿದ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿಡುತ್ತಾರೆ. ಆಮೇಲೆ ಪ್ಲುಟೋನಿಯಂ ಬೇರ್ಪಡಿಸಿ, ಮಿಕ್ಕ ಕಸವನ್ನು ಗಾಜಿನಲ್ಲಿ ಎರಕ ಹೊಯ್ಯುವುದು ನಮ್ಮ ದೇಶದ ನೀತಿ. ಅದರೊಳಗಿನ ಸೀಸಿಯಂ ಅರ್ಧಕ್ಕಿಳಿಯಲು ಮೂವತ್ತು ವರ್ಷ. ಪ್ಲುಟೋನಿಯಂ ಅರ್ಧಕ್ಕಿಳಿಯಲು ಇಪ್ಪತ್ನಾಲ್ಕು ಸಾವಿರ ವರ್ಷ. ಇಂಥದ್ದನ್ನು ಹೂಳುವ ನೆಲ ಒಣಗಿರಬೇಕು, ಬಿರುಕಿಲ್ಲದೆ ಇರಬೇಕು. ನಮ್ಮ ಗಣಿಗಳೋ ಮೂರು ಸಾವಿರ ಮೀಟರಿಗೂ ಆಳ ತೋಡಿದವು, ಬಂಡೆ ಸಿಡಿದು ಗಣಿಗಾರರನ್ನು ಬಲಿ ತೆಗೆದುಕೊಂಡವು, 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡವು. ಇನ್ನೊಮ್ಮೆ ಯಾರಾದರೂ ಈ ಗಣಿಗಳ ಹೆಸರೆತ್ತಿದರೆ ಮಾಲೂರಿನ ವ್ಯಾಪಾರಿಯೂ ಬಂಗಾರಪೇಟೆಯ ಕಾರ್ಮಿಕನೂ ಕೇಳಬಹುದಾದ ಪ್ರಶ್ನೆಗಳು ಇವು: ತರುವ ಕಸದಲ್ಲಿ ಕಾವೆಷ್ಟು? ಗಣಿಯ ನೀರು ಅದನ್ನು ಮುಟ್ಟಿದರೆ ಯಾವ ಊರಿನ ಬಾವಿಗೆ ಬರುತ್ತದೆ? ಅಷ್ಟು ಕಾಲ ಕಾಯುವ ಕಾವಲುಗಾರನ ಸಂಬಳ ಯಾರ ಲೆಕ್ಕದಲ್ಲಿ?