ಕಟ್ಟಡಗಳ ಪರೀಕ್ಷೆಯೂ ಪಾಲಿಕೆಯ ಹೊಣೆಯೂ

೨೦೧೯ನೆಯ ಇಸವಿಯ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಇನ್ನೂ ಕಟ್ಟಲಾಗುತ್ತಿದ್ದ ಬಹು ಅಂತಸ್ತಿನ ಕಟ್ಟಡವೊಂದು ಕುಸಿದು ೧೯ ಜನರು ಅಸುನೀಗಿದರು. ಅಂಥ ಕಟ್ಟಡವು ಒಂದು ರಾತ್ರಿಯಲ್ಲಿ ಏಳುವದಿಲ್ಲ. ತಿಂಗಳುಗಟ್ಟಲೆ ಊರವರ ಕಣ್ಣೆದುರಿಗೇ ಏಳುವದು. ಕಂಬದ ಗಾತ್ರವೆಷ್ಟು, ಒಳಗಿನ ಕಬ್ಬಿಣವೆಷ್ಟು ಎಂಬುದನ್ನು ಕಾಂಕ್ರೀಟು ಸುರಿಯುವ ಮೊದಲೇ ನೋಡತಕ್ಕದ್ದು. ಗಾರೆ ಬಳಿದ ಮೇಲೆ ಪರೀಕ್ಷಕನಿಗೆ ಕಾಣುವದು ಬಣ್ಣ ಮಾತ್ರ.

ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. ಕಟ್ಟಡವನ್ನು ಕಟ್ಟುತ್ತಿರುವಾಗಲೇ ಅಧಿಕಾರಿಗಳು ಕಾಲಕಾಲಕ್ಕೆ ಪರೀಕ್ಷಿಸಿ ದಾಖಲೆಯಿಡಬೇಕೆಂದೂ, ಮಂಜೂರಾದ ನಕಾಶೆಯನ್ನು ಸ್ಥಳದಲ್ಲಿಯೇ ತೂಗುಹಾಕಿರಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ೨೦೨೪ರ ಡಿಸೆಂಬರ್ ೧೭ರಂದು ಆಜ್ಞಾಪಿಸಿದೆ. ಆದರೆ ಆ ದಾಖಲೆಯು ಕಚೇರಿಯ ಕಪಾಟಿನಲ್ಲಿಯೇ ಉಳಿದರೆ ಪೌರರಿಗೇನು ಫಲ?

ಆದುದರಿಂದ ನಾವು ಕೇಳುವದು ಒಂದೇ. ಯಾವ ಕಟ್ಟಡವನ್ನು, ಯಾವ ದಿನ, ಯಾವ ಅಧಿಕಾರಿ ನೋಡಿದರು, ಏನು ಕಂಡರು ಎಂಬ ಪಟ್ಟಿಯನ್ನು ಪಾಲಿಕೆಗಳು ವಾರ್ಡುವಾರು ತಿಂಗಳಿಗೊಮ್ಮೆ ಪ್ರಕಟಿಸಲಿ. ತೆರಿಗೆಯ ನೋಟೀಸು ತಪ್ಪದೆ ಮನೆಬಾಗಿಲಿಗೆ ಬರುವದು; ಪರೀಕ್ಷಕನೂ ಹಾಗೆಯೇ ತಪ್ಪದೆ ಬರಲಿ. ಸಮಾಧಿಯ ಮೇಲೆ ನಡೆಯುವ ತನಿಖೆಗಿಂತ ಅಡಿಪಾಯದ ಮೇಲೆ ನಡೆಯುವ ತಪಾಸಣೆಯೇ ಲೇಸು. ಇದನ್ನು ಕೇಳುವ ಹಕ್ಕು ಪೌರರದು. ಕೇಳದೆ ಕುಳಿತರೆ ದೋಷವು ನಮ್ಮೆಲ್ಲರದೂ ಅಹುದು.