ಹಿರಿಯರನ್ನು ಕಟ್ಟೆಗೆ ಕಟ್ಟಿಹಾಕದಿರೋಣ

ಬೀದರ ಜಿಲ್ಲೆಯ ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65ರ ಮಗ್ಗುಲಿನ ರಾಜೇಶ್ವರದಂಥ ಊರುಗಳಲ್ಲಿ, ಮಗ ದುಡಿಯತೊಡಗಿ, ಸೊಸೆ ಮನೆ ತುಂಬಿ, ಮೊಮ್ಮಕ್ಕಳು ಅಂಗಳದಲ್ಲಿ ಆಡತೊಡಗಿದ ಮೇಲೆ, ಮನೆಯ ಹಿರಿಯರಿಗೆ ಸಲ್ಲುವ ಮೊದಲ ಗೌರವವೆಂದರೆ ‘ಇನ್ನ ನೀವ್ ಸುಮ್ ಕುಂದುರ್ರಿ ಮುತ್ಯಾ, ಎಲ್ಲಾ ನಾವ್ ನೋಡ್ಕೋತೀವಿ’ ಎಂಬ ಮಾತು. ಆಯುಷ್ಯವೆಲ್ಲ ಬಿಸಿಲಿನಲ್ಲಿ ದುಡಿದ ದೇಹಕ್ಕೆ ಇನ್ನಾದರೂ ವಿಶ್ರಾಂತಿ ದೊರೆಯಲೆಂಬ ಆ ಹಾರೈಕೆ ನಿರ್ವ್ಯಾಜವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾಗೆ ಕಟ್ಟೆಯ ಮೇಲೆ ಕುಳಿತವರು ಕೆಲವೇ ವರ್ಷಗಳಲ್ಲಿ ಎದ್ದು ನಿಲ್ಲುವುದಕ್ಕೆ ಗೋಡೆಯ ಆಸರೆಯನ್ನರಸುವುದನ್ನು ಕಣ್ಣಾರೆ ಕಾಣುತ್ತಿರುವ ನಾವು, ಕೂಡಿಸುವುದೇ ಗೌರವವೆಂಬ ನಂಬಿಕೆಯನ್ನು ಮರಳಿ ವಿಮರ್ಶಿಸಬೇಕಾಗಿದೆ.

ಹಿಂದೆ ಈ ಸೀಮೆಯ ವೃದ್ಧರಿಗೆ ವ್ಯಾಯಾಮವೆಂಬ ಪ್ರತ್ಯೇಕ ವಿಧಿ ಬೇಕಾಗಿರಲಿಲ್ಲ. ನಸುಕಿನಲ್ಲೆದ್ದು ಹೊಲಕ್ಕೆ ನಡೆಯುವುದು, ತೊಗರಿ ಜೋಳಗಳ ರಾಶಿಯ ಕಾಲದಲ್ಲಿ ಕಣ ಕಾಯುವುದು, ಬಾವಿಯಿಂದ ನೀರು ಸೇದುವುದು, ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು, ಉಣ್ಣಲು ಕುಳಿತವರು ಕೈಯೂರದೆ ಏಳುವುದು, ಇವೆಲ್ಲ ಸೇರಿ ದೇಹದ ಒಂದೊಂದು ಸಂಧಿಯನ್ನೂ ದಿನಕ್ಕೆ ಹತ್ತಾರು ಬಾರಿ ಮಣಿಸುತ್ತಿದ್ದವು. ಈಗ ಗಿರಣಿ ಬಂದಿದೆ, ನಳ ಬಂದಿದೆ, ರಾಶಿಗೆ ಯಂತ್ರ ಬಂದಿದೆ, ಹೊಲಕ್ಕೆ ಹೋಗಲು ಮೊಮ್ಮಗನ ಬೈಕು ಇದೆ, ಕೂಡಲು ಪ್ಲಾಸ್ಟಿಕ್ ಕುರ್ಚಿಯಿದೆ. ಬೀಸುವ ಕಲ್ಲಿನ ಮುಂದೆ ಸವೆದ ಹೆಣ್ಣುಮಕ್ಕಳ ತೋಳುಗಳಿಗೆ ಗಿರಣಿಯು ವಿಮೋಚನೆಯೇ ಹೌದು. ಅದನ್ನು ಯಾರೂ ಹಳಿಯಲಾರರು. ಕೆಲಸದ ಜೊತೆಗೆ ಚಲನೆಯೂ ಮನೆ ಬಿಟ್ಟು ಹೋಯಿತೆಂಬುದೇ ಇಲ್ಲಿಯ ಚಿಂತೆ.

ಚಲನೆಯಿಲ್ಲದ ವೃದ್ಧದೇಹಕ್ಕೆ ಒದಗುವ ಹಾನಿಯ ವೇಗ ವಿಸ್ಮಯಕರವಾದುದು. 2007ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಆರೋಗ್ಯವಂತರೇ ಆಗಿದ್ದ ವೃದ್ಧರನ್ನು ಕೇವಲ 10 ದಿನ ಹಾಸಿಗೆಯಲ್ಲಿರಿಸಿದ್ದರಿಂದ ಅವರ ಕಾಲುಗಳಲ್ಲಿನ ಕೊಬ್ಬಲ್ಲದ ಮಾಂಸಭಾಗ ಸುಮಾರು ಒಂದು ಕಿಲೋದಷ್ಟು ಕರಗಿಹೋಯಿತು. ಊಟದ ಸಕ್ಕರೆಯ ಅಂಶವನ್ನು ರಕ್ತದಿಂದ ಹೀರಿಕೊಳ್ಳುವ ಹೊಣೆಯ ಬಹುಭಾಗ ಸ್ನಾಯುಗಳದ್ದೇ ಆದಕಾರಣ, ಅವು ಸೊರಗಿದರೆ ಮಧುಮೇಹ ಹತೋಟಿಗೆ ಬಾರದು. ಭಾರ ಬೀಳದ ಎಲುಬು ಟೊಳ್ಳಾಗುವುದು. ತೊಡೆಯ ಬಲ ಕುಂದಿದಾಗ ತೋಲ ತಪ್ಪಿ ಬೀಳುವುದು, ಬಿದ್ದಾಗ ಸೊಂಟದ ಕೀಲು ಮುರಿಯುವುದು, ಮುರಿದ ಮೇಲೆ ಮತ್ತೆ ಹಾಸಿಗೆಯೇ ಗತಿಯಾಗುವುದು.

ಕಳೆದುಹೋದ ಬಲವನ್ನು ಮರಳಿ ಪಡೆಯಬಹುದೆಂಬುದಕ್ಕೂ ಅಷ್ಟೇ ದೃಢವಾದ ಸಾಕ್ಷ್ಯವುಂಟು. 90ರ ಆಸುಪಾಸಿನ, ಶುಶ್ರೂಷಾಲಯದಲ್ಲಿದ್ದ 10 ಮಂದಿ ದುರ್ಬಲ ವೃದ್ಧರಿಗೆ ಬಾಸ್ಟನ್ನಿನ ವೈದ್ಯರು 8 ವಾರ ಕಾಲಿನಿಂದ ಭಾರವೆತ್ತುವ ಅಭ್ಯಾಸ ಮಾಡಿಸಿ 1990ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅಭ್ಯಾಸವನ್ನು ಪೂರೈಸಿದವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಸಾಧ್ಯವಾದದ್ದು ಅರವತ್ತೈದರಲ್ಲಿ ಅಸಾಧ್ಯವೆನ್ನುವುದು ಹೇಗೆ?

ಇಲ್ಲೊಂದು ಆಕ್ಷೇಪ ನ್ಯಾಯವಾದುದು. ಎಪ್ಪತ್ತರಲ್ಲೂ ಕೂಲಿಗೆ ಹೋಗಲೇಬೇಕಾದ ಮುದುಕಿಯ ಮುಂದೆ ವ್ಯಾಯಾಮದ ಮಾತಾಡುವುದು ಕ್ರೌರ್ಯವಲ್ಲವೇ? ಹೌದು. ಹಸಿವಿನ ಭಯದಿಂದ ವೈಶಾಖದ ಬಿಸಿಲಿನಲ್ಲಿ ಬಾಗಿದ ಬೆನ್ನು ಸವೆಯುತ್ತದೆಯೇ ಹೊರತು ಬಲಿಯುವುದಿಲ್ಲ. ಆಕೆಗೆ ಬೇಕಾದುದು ಪಿಂಚಣಿ, ಬೇಳೆ ಮತ್ತು ನೆರಳು. ದಣಿವಿಗೂ ಚಟುವಟಿಕೆಗೂ ಇರುವ ಈ ಅಂತರವನ್ನು ಕಾಯಕಕ್ಕೆ ಹೆಸರಾದ ಕಲ್ಯಾಣದ ನೆಲಕ್ಕೆ ಬೇರೆಯವರು ಬೋಧಿಸಬೇಕಾಗಿಲ್ಲ. ಹುಲ್ಲು ಹೊಸೆದು ಹಗ್ಗ ಮಾಡುತ್ತಿದ್ದ ಶರಣ ನುಲಿಯ ಚಂದಯ್ಯನ ಕಾಯಕ ಸ್ವೇಚ್ಛೆಯದು, ನಿಯಮದ್ದು, ಮಿತಿಯದು. ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನೂರರ ಗಡಿ ದಾಟಿ 1999ರಲ್ಲಿ ಲಿಂಗೈಕ್ಯರಾದರು. ಒಬ್ಬರ ದೀರ್ಘಾಯುಷ್ಯ ವೈದ್ಯಶಾಸ್ತ್ರಕ್ಕೆ ಪ್ರಮಾಣವಾಗದು, ನಿಜ. ಆದರೂ ವಯಸ್ಸಾಯಿತೆಂದು ಕೆಲಸದಿಂದ ನಿವೃತ್ತರಾಗದವರನ್ನು ಪೂಜಿಸಿದ ಈ ಜಿಲ್ಲೆ, ತನ್ನ ಮನೆಗಳ ಹಿರಿಯರನ್ನು ಮಾತ್ರ ನಿಷ್ಕ್ರಿಯರನ್ನಾಗಿಸುವುದು ನನಗೆ ಒಪ್ಪಿತವಾಗದು.

65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವಂತೆ ನಡೆಯುವುದು, ಎರಡು ದಿನ ಸ್ನಾಯುಬಲದ ಅಭ್ಯಾಸ, ಮೂರು ದಿನ ಸಮತೋಲದ ಅಭ್ಯಾಸ, ಇದಿಷ್ಟು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯ ಸಾರ. ರಾಜೇಶ್ವರದ ಮನೆಯಲ್ಲಿ ಇದಕ್ಕೆ ಜಿಮ್ಮು ಬೇಡ: ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳಬಹುದು, ಅರ್ಧ ತುಂಬಿದ ಕೊಡವನ್ನೆತ್ತಬಹುದು, ಬಾಗಿಲ ಚೌಕಟ್ಟನ್ನು ಹಿಡಿದು ಒಂಟಿಕಾಲಿನಲ್ಲಿ ನಿಲ್ಲಬಹುದು. ಎದೆನೋವು, ತಲೆಸುತ್ತು ಇದ್ದವರು ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು.

ನಡೆಯುವುದಕ್ಕೆ ಮಾತ್ರ ನಿರ್ಭಯವಾದ ಸ್ಥಳ ಬೇಕು. ಲಾರಿಗಳು ಧಾವಿಸುವ ಹೆದ್ದಾರಿಯ ಅಂಚು ಮಂದದೃಷ್ಟಿಯ ವೃದ್ಧರಿಗೆ ತಕ್ಕುದಲ್ಲ. ಆದ್ದರಿಂದ ಗ್ರಾಮ ಪಂಚಾಯಿತಿಗಳಲ್ಲಿ ನನ್ನ ವಿನಂತಿ ಇಷ್ಟೇ: ಸರ್ಕಾರಿ ಶಾಲೆಯ ಮೈದಾನದ ಬಾಗಿಲನ್ನು ಬೆಳಗಿನ ತಂಪಿನಲ್ಲಿ ಹಿರಿಯರಿಗಾಗಿ ತೆರೆದಿಡಿ, ಅದರ ಸುತ್ತ ಕಲ್ಲುಮುಳ್ಳಿಲ್ಲದ ಒಂದು ಹಾದಿಯನ್ನು ಸಮಮಾಡಿಸಿ, ಆ ಹಾದಿಗೆ ಎರಡು ದೀಪಗಳನ್ನು ಹಾಕಿಸಿ.